ಬೀಮು ಎಂಬ ಮರ

ಅಥವಾ ಬೆಳಕು ಹಾಗೆ ಕೋಲಿನಂತೆ ಬೀಳುತ್ತಲೇ ಇರಲಿಲ್ಲವೇನೋ. ಚಿಗವ್ವನ ಮನೆಯ ಮಣ್ಣಿನ ಚಾವಣಿಯ, ಅಂದರೆ ಮಾಳಿಗೆಯ, ಕಿಂಡಿಯಿಂದ ಇಳಿದು ಮಗ್ಗದ ಮೇಲೆ ಓರೆಯಾಗಿ ನಿಲ್ಲುತ್ತಿದ್ದ ಬೆಳಕು ಅದು. ಎಷ್ಟು ಸಲ ನೆನೆದಿದ್ದೇನೆ, ಎಷ್ಟು ಜನರಿಗೆ ಹೇಳಿದ್ದೇನೆ ಎಂದರೆ ಈಗ ಅದು ಬೆಳಕಿಗಿಂತ ಹೆಚ್ಚಾಗಿ ನನ್ನ ಮಾತಿನ ಹಾಗೆ ಕಾಣುತ್ತದೆ. ಒಂದು ತುದಿ ಕಿಂಡಿಯಲ್ಲಿ, ಇನ್ನೊಂದು ತುದಿ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ, ನಡುವೆ ತೇಲುವ ನೂಲಿನ ಧೂಳು. ತೀರ ಚೊಕ್ಕವಾಗಿದೆ. ಆ ಮನೆಯಲ್ಲಿ ಅಷ್ಟು ಚೊಕ್ಕವಾದದ್ದು ಬೇರೇನೂ ಇರಲಿಲ್ಲ.

ನನ್ನ ಅನುಮಾನಕ್ಕೆ ಕಾರಣ ಒಂದು ಇಂಗ್ಲಿಷ್ ಪದ. ಬೀಮ್.

ಅದನ್ನು ನಾನು ಮೊದಲು ಇಂಗ್ಲಿಷಿನದೆಂದು ಕೇಳಲೇ ಇಲ್ಲ. ಮುಂಡರಗಿಯಿಂದ ಗದಗಿನ ಕಾಲೇಜಿಗೆ ಬಂದು ಬೆಟಗೇರಿಯಲ್ಲಿ ಅವ್ವನ ತಂಗಿ ಈ ಚಿಗವ್ವನ ಮನೆಯಲ್ಲಿ ಉಳಿದುಕೊಂಡ ವರ್ಷಗಳು ಅವು. ಜಿಲ್ಲೆ ಆಗಷ್ಟೇ ಬೇರೆಯಾಗಿತ್ತು. ಕಚೇರಿಗಳ ಬೋರ್ಡುಗಳಲ್ಲಿ ಧಾರವಾಡದ ಮೇಲೆ ಬಿಳಿ ಬಣ್ಣ ಬಳಿದು ಗದಗ ಎಂದು ಬರೆದಿದ್ದರು. ಬಿಸಿಲಿಗೆ ಬಣ್ಣ ಸವೆದು ಹಳೆಯ ಊರು ಕೆಳಗಿನಿಂದ ಮತ್ತೆ ಇಣುಕುತ್ತಿತ್ತು. ಚಿಗವ್ವ ಮನೆಯಲ್ಲೇ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅವಳ ಗಂಡ, ಕಾಕಾ, ರೈಲು ಹಳಿಯ ಆಚೆಗಿನ ಪವರ್‌ಲೂಮ್ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದ. ಆ ಓಣಿಯಲ್ಲಿ ಬೀಮು ಎಂದರೆ ಹಾಸಿನ ನೂಲು ಸುತ್ತಿಟ್ಟ ಮರದ ದಿಂಡು. ‘ಬೀಮ ಬಂತೇನು?’ ‘ಇಲ್ಲವಾ, ಇನ್ನೂ ಸುತ್ತಾಕತ್ತಾರ.’ ಹೆಂಗಸರು ನೀರಿಗೆ ಹೋಗುವಾಗ ಆಡುವ ಮಾತಿನಲ್ಲಿ ಅದು ಕೊಡ, ಸೀರೆ, ಉಳ್ಳಾಗಡ್ಡಿಯಷ್ಟೇ ಕನ್ನಡವಾಗಿತ್ತು. ಹೊಸ ಜಿಲ್ಲೆಗೆ ಬಂದ ಸಾಹೇಬರಿಗೆ ಬಾಡಿಗೆ ಕೊಡಲೆಂದು ಊರ ತುಂಬ ಮನೆ ಏಳುತ್ತಿದ್ದವು. ಅಲ್ಲಿ ಗೌಂಡಿಗಳು ಹಾಕುತ್ತಿದ್ದ ಸಿಮೆಂಟಿನ ತೊಲೆಯೂ ಬೀಮೇ. ಒಂದೇ ಹೆಸರಿನ ಇಬ್ಬರು ಹುಡುಗರು ಒಂದೇ ಶಾಲೆಯಲ್ಲಿದ್ದ ಹಾಗೆ. ಯಾರಿಗೂ ಅದು ತೊಡಕಾಗಿ ಕಾಣಲಿಲ್ಲ.

ಮಧ್ಯಾಹ್ನ ಕಾಲೇಜಿನಿಂದ ಬಂದು ರೊಟ್ಟಿ ತಿಂದು ಆ ಕೋಣೆಯ ಗೋಡೆಗೆ ಒರಗಿ ಅಡ್ಡಾಗುತ್ತಿದ್ದೆ. ಲಾಳಿ ಆ ಕಡೆ ಹೋಗಿ ಈ ಕಡೆ ಬರುವ ಸಪ್ಪಳಕ್ಕೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಪೂರ್ತಿ ನಿದ್ದೆಯಲ್ಲ, ಪೂರ್ತಿ ಎಚ್ಚರವಲ್ಲ. ಕುಣಿಯಲ್ಲಿ ಕೂತ ಚಿಗವ್ವ ಸೊಂಟದ ಮೇಲಷ್ಟೇ ಕಾಣುತ್ತಿದ್ದಳು, ನೆಲದೊಳಗಿಂದ ಮೊಳೆತವಳಂತೆ. ಅವಳ ಮುಂದಿನಿಂದ ಕೋಣೆಯ ಆ ತುದಿಯವರೆಗೆ ಹಾಸು ಚಾಚಿಕೊಂಡಿರುತ್ತಿತ್ತು. ಕೆಂಪೋ, ಕಂದು ಮಿಶ್ರಿತ ಕೆಂಪೋ. ನೆನಪಿನಲ್ಲಿ ಅದು ಬೆಳಕಿನ ಬಣ್ಣಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ನಾನು ಬಣ್ಣದ ಬಗ್ಗೆ ಪ್ರಮಾಣ ಮಾಡಲಾರೆ.

ಪ್ರಮಾಣ ಮಾಡಬಹುದಾದದ್ದು ಒಂದಿದೆ. ಆ ಮಗ್ಗ ಎಂದೂ ಖಾಲಿ ಇರುತ್ತಿರಲಿಲ್ಲ. ಹಾಸು ಮುಗಿಯುತ್ತ ಬಂದಾಗ ಕೊನೆಯ ಗೇಣುದ್ದವನ್ನು ನೇಯದೆ ಬಿಡುತ್ತಿದ್ದಳು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಎಳೆಗಳ ತುದಿಗೆ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸೆದು ಕೂಡಿಸುತ್ತಿದ್ದಳು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಳೆಯದು ಮುಂದಕ್ಕೆ ಹೋಗುತ್ತ ಹೊಸದನ್ನು ಎಳೆದುಕೊಳ್ಳುತ್ತದೆ. ಅವಳ ಅತ್ತೆ ಹೂಡಿದ ಹಾಸಿನ ತುದಿಗೆ ಇವಳು ಮದುವೆಯಾಗಿ ಬಂದ ವರ್ಷ ಹೊಸದನ್ನು ಕೆಚ್ಚಿದ್ದಳು; ಅಲ್ಲಿಂದ ಕೆಚ್ಚುತ್ತಲೇ ಬಂದಿದ್ದಳು. ‘ನಮ್ಮತ್ತಿ ಹಾಸು ಇನ್ನ ಮುಗದಿಲ್ಲ ನೋಡವಾ’ ಎನ್ನುತ್ತಿದ್ದಳು. ಹೂಡಿದ ಹಾಸನ್ನು ನಡುವೆ ಕತ್ತರಿಸಬಾರದು, ಇಳಿಸಬಾರದು, ಮಗ್ಗ ಬರಿದಾಗಬಾರದು. ಇದು ಆ ಓಣಿಯ ಎಲ್ಲ ಮನೆಗಳ ನಡೆ. ಯಾಕೆ ಎಂದು ಕೇಳುವವಳು ನಾನೊಬ್ಬಳೇ. ‘ಯಾಕಂದ್ರ ಹಂಗ’ ಎನ್ನುತ್ತಿದ್ದಳು.

ಕೆಚ್ಚುವ ಕೆಲಸಕ್ಕೆ ಕಿಂಡಿಯ ಬೆಳಕೇ ಬೇಕು. ಕೂದಲೆಳೆಯಂಥ ನೂಲು, ದೀಪದ ಬೆಳಕಿನಲ್ಲಿ ಎಳೆಯ ಪಕ್ಕ ಅದರ ನೆರಳೂ ನಿಂತು ಎರಡಾಗಿ ಕಾಣುತ್ತದೆ. ಮಾಳಿಗೆಯ ಮಣ್ಣಿನಲ್ಲಿ ಬಿಟ್ಟ ಒಂದು ಕಿಂಡಿ, ಮಳೆ ಬಂದರೆ ಮೇಲಿಂದ ಚಪ್ಪಡಿ ಮುಚ್ಚಬೇಕು. ಬೆಳಿಗ್ಗೆಯಿಂದ ಮಧ್ಯಾಹ್ನ ದಾಟುವವರೆಗೆ ಬೆಳಕು ಹಾಸಿನ ಮೇಲೇ ಇರುತ್ತಿತ್ತು. ಕಿಂಡಿಗೆ ತಕ್ಕ ಹಾಗೆ ಕುಣಿ ತೋಡಿದ್ದರೋ ಕುಣಿಗೆ ತಕ್ಕ ಹಾಗೆ ಕಿಂಡಿ ಬಿಟ್ಟಿದ್ದರೋ, ಕಟ್ಟಿದವರು ಯಾರೂ ಉಳಿದಿರಲಿಲ್ಲ.

ಒಂದು ಬೇಸಿಗೆ ತೊಲೆ ಬಿರಿಯಿತು. ಮಾಳಿಗೆಯ ಭಾರವೆಲ್ಲ ಹೊತ್ತ, ಹೊಗೆಗೆ ಕಪ್ಪಾದ ಉದ್ದನೆಯ ಬೇವಿನ ತೊಲೆ, ಸರಿಯಾಗಿ ಮಗ್ಗದ ಮೇಲೆ. ಊಟಕ್ಕೆ ಕೂತಾಗ ಟಪ್ಪೆಂದು ಸಪ್ಪಳವಾಯಿತು, ಸಾರಿನಲ್ಲಿ ಮಣ್ಣು ಬಿತ್ತು. ಕಾಕಾ ತಟ್ಟೆ ಹಿಡಿದುಕೊಂಡೇ ಎದ್ದು ನಿಂತು ಮೇಲೆ ನೋಡಿದ.

‘ಮಳಿ ಬಂದು ಮ್ಯಾಲಿನ ಮಣ್ಣು ನೆಂದ್ರ ನಮ್ಮ ಮ್ಯಾಲೇ ಇಳೀತೈತಿ ಇದು’ ಎಂದ. ‘ತೊಲಿ ಬದಲಿ ಮಾಡೂದ. ಮಗ್ಗ ಬಿಚ್ಚು.’

‘ಮಗ್ಗ ಬಿಚ್ಚೂದಂದ್ರ?’

‘ಬಿಚ್ಚೂದಂದ್ರ ಬಿಚ್ಚೂದು. ಸುತ್ತಿ ಮೂಲ್ಯಾಗ ಇಡು. ಆಮ್ಯಾಲ ಮತ್ತ ಹೂಡು.’

‘ಸುತ್ತಿಟ್ಟ ಹಾಸು ಸಡ್ಲಾಗಿ ಗೋಜಲಾಗತೈತಿ. ಆಮ್ಯಾಲ ಕತ್ತರಸೂದ ಅದನ್ನ. ನಿಮ್ಮವ್ವನ ಹಾಸು ಕತ್ತರಸಂತೀರೇನು?’

ಕಾಕಾ ತಟ್ಟೆ ಹಿಡಿದುಕೊಂಡೇ ಮತ್ತೆ ಕೂತ. ಅವ್ವನ ಮಾತು ಬಂದರೆ ಅವನಿಗೆ ವಾದ ಸಾಗದು. ಅದು ಚಿಗವ್ವನಿಗೂ ಗೊತ್ತಿತ್ತು.

ಲಕ್ಷ್ಮೇಶ್ವರದಿಂದ ಬಡಿಗ ಚಾಚಾ ಬಂದರು. ಕೆಡವಿದ ಹಳೆಯ ಮನೆಗಳ ಮರ ಕೊಂಡು ಮಾರುವುದು, ಅದನ್ನೇ ಕೆತ್ತಿ ಇನ್ನೊಂದು ಮನೆಗೆ ಕೂಡಿಸುವುದು ಅವರ ಕಸುಬು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಮೇಲೆ ನೋಡಿ ನಾಲಿಗೆ ಲೊಚಗುಟ್ಟಿದರು. ಶಿರಹಟ್ಟಿಯಲ್ಲಿ ಒಂದು ಹಳೆಯ ವಾಡೆಮನೆ ಬಿಚ್ಚುತ್ತಿದ್ದಾರೆ, ಸಾಗವಾನಿ ತೊಲೆ ಇದೆ, ಬಂದು ನೋಡಿರೆಂದರು. ಕಾಕಾ, ಚಾಚಾ, ನಾನು ಬಸ್ಸಿನಲ್ಲಿ ಹೋದೆವು. ಹೋದದ್ದು ಖರೆ. ಆದರೆ ಆ ದಿನ ನೆನೆದಾಗೆಲ್ಲ ನನಗೆ ಕಾಣುವುದು ಗೋಡೆಗಳಿಲ್ಲದ ಒಂದು ಜಾಗದಲ್ಲಿ ಕಂಬಗಳ ಮೇಲೆ ಇನ್ನೂ ನಿಂತಿದ್ದ ತೊಲೆ, ಅದರ ಮೇಲೆ ಕೂತ ಗಿಳಿಗಳು. ಬಿಚ್ಚುವವರು ಗೋಡೆ ಮೊದಲು ಕೆಡವಿ ತೊಲೆ ಹಾಗೇ ಬಿಡುತ್ತಾರೆಯೇ? ಮಾಳಿಗೆ ಮೊದಲು ಇಳಿಸಬೇಕಲ್ಲ? ಗಿಳಿಗಳಂತೂ ಖಂಡಿತ ನಾನೇ ಸೇರಿಸಿದವು. ಚಾಚಾ ಆ ತೊಲೆಗೆ ಕಿವಿಗೊಟ್ಟು ಬೆರಳಿನ ಗಣ್ಣಿನಿಂದ ಬಡಿದದ್ದು ಮಾತ್ರ ಗಿಳಿ ಹಾರಿಹೋದ ಮೇಲೂ ಉಳಿಯುತ್ತದೆ.

‘ಏನಂತೈತ್ರಿ ಚಾಚಾ?’ ಎಂದ ಕಾಕಾ.

‘ಹಸದೈತಿ ಅನ್ನಾಕತ್ತೈತಿ. ಅದಕ್ಕ ಅಲ್ಲ, ನನಗ. ಮೊದಲ ಮಿರ್ಚಿ ಕೊಡಸು.’

ತೊಲೆ ಬಂತು. ಓಣಿಯಲ್ಲಿ ಅಡ್ಡ ಮಲಗಿತು. ಅಳತೆ ಮಾಡುವಾಗ ತೊಡಕು ಗೊತ್ತಾಯಿತು. ಹಳೆಯ ತೊಲೆ ಇಳಿಸಿ ಅದರ ಜಾಗದಲ್ಲೇ ಹೊಸದನ್ನು ಏರಿಸಬೇಕಾದರೆ, ಅಷ್ಟು ಹೊತ್ತು ಮಾಳಿಗೆಯನ್ನು ಕೆಳಗಿನಿಂದ ಹೊರುವ ಕಂಬಗಳನ್ನು ನೆಡಬೇಕು. ಆ ಕಂಬಗಳು ನಿಲ್ಲಬೇಕಾದದ್ದು ಹಾಸಿನ ನಟ್ಟನಡುವೆ. ಹಾಸು ಇಳಿಸಬೇಕು. ಇಲ್ಲವೆಂದರೆ ಹೊಸ ತೊಲೆಯನ್ನು ಮೂಡಣಕ್ಕೆ ಒಂದು ತೋಳುದ್ದ ಸರಿಸಿ ಕೂಡಿಸಬೇಕು, ಅದು ಭಾರ ಹೊತ್ತ ಮೇಲೆ ಹಳೆಯದನ್ನು ನಿಧಾನವಾಗಿ ಜಾರಿಸಬೇಕು. ಆಗ ಕಂಬಗಳು ಮಗ್ಗದಾಚೆ ನಿಲ್ಲುತ್ತವೆ. ಆದರೆ ಹೊಸ ತೊಲೆ ಬರುವ ಜಾಗದಲ್ಲಿ ಕಿಂಡಿ ಇತ್ತು.

‘ಕಿಂಡಿ ಮುಚ್ಚಿ ತೊಲಿಯಾಚೆ ಬ್ಯಾರೆ ತಗದ್ರಾತು’ ಎಂದರು ಚಾಚಾ. ‘ಬೆಳಕೇನು, ಎಲ್ಲಿಂದರೆ ಬೀಳತೈತಿ.’

ಕಾಕಾ ಚಿಗವ್ವನ ಮುಖ ನೋಡಿದ. ಅವಳು ಕುಣಿಯಲ್ಲಿ ಕೂತಿದ್ದಳು, ಅಥವಾ ಬಾಗಿಲಲ್ಲಿ ನಿಂತಿದ್ದಳು.

‘ಕಿಂಡಿ ಸರಸ್ರಿ’ ಎಂದಳು. ‘ಹಾಸು ಮುಟ್ಟಬ್ಯಾಡ್ರಿ.’

ತೊಲೆ ಏರಿಸಿದ ದಿನ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಕೌದಿ ತಂದು ಹಾಸಿನ ಮೇಲೆ ಹೊದಿಸಿದರು. ಹರಿದ ಸೀರೆಗಳ ಬಣ್ಣಬಣ್ಣದ ಕೌದಿಗಳ ಕೆಳಗೆ ಹಾಸು ಜ್ವರ ಬಂದ ಕೂಸಿನಂತೆ ಮಲಗಿತ್ತು. ಮೇಲಿಂದ ಮಣ್ಣು, ಜೇಡರ ಬಲೆ, ಯಾವ ಕಾಲದ್ದೋ ಗುಬ್ಬಿಗೂಡಿನ ಹುಲ್ಲು ಉದುರುತ್ತಿತ್ತು. ಚಿಗವ್ವನೂ ನಾನೂ ಕೌದಿಯ ಅಂಚು ಹಿಡಿದು ಮಣ್ಣು ಜಾರದಂತೆ ಮಡಚುತ್ತಿದ್ದೆವು.

‘ಏ ಮಾರಾಯಾ, ಆ ಕಡಿ ಎತ್ತಲೇ, ಊಟ ಮಾಡಿಲ್ಲೇನು?’ ಚಾಚಾ ಮೇಲಿನವರಿಗೆ ಕೂಗುತ್ತಿದ್ದರು.

‘ಎಲ್ಲಿ ಊಟಾ ಚಾಚಾ, ನೀವ ಎಲ್ಲಾ ಮಿರ್ಚಿ ತಿಂದೀರಿ!’

ಪಕ್ಕದ ಮನೆಯ ಅಜ್ಜಿ ಹೊಸ್ತಿಲಲ್ಲಿ ಕೂತು, ‘ನಮ್ಮ ಕೌದಿ ಜ್ವಾಕೆವಾ, ಅದರಾಗ ನನ್ನ ಮದಿವಿ ಸೀರಿ ಐತಿ’ ಎನ್ನುತ್ತಿದ್ದಳು. ‘ಯಾವ ತುಂಡಬೇ?’ ಎಂದು ಯಾರೋ ಕೇಳಿದರೆ ನಕ್ಕು, ‘ಅದ ಮರ್ತೈತಿ’ ಎಂದಳು.

ಸಂಜೆಗೆ ಸಾಗವಾನಿ ಕೂತಿತು, ಬೇವು ಕೆಳಗಿಳಿಯಿತು. ಕೌದಿ ತೆಗೆದರು. ಒಂದು ಎಳೆಯೂ ಹರಿದಿರಲಿಲ್ಲ. ಚಿಗವ್ವ ಹಾಸಿನ ಮೇಲೆ ಅಂಗೈ ಆಡಿಸಿದಳು, ನಂತರ ಕುಣಿಗಿಳಿದು ಒಂದೇ ಒಂದು ಲಾಳಿ ಎಸೆದಳು. ಮಾಳಿಗೆ ಉಳಿದಿತ್ತು, ಅತ್ತೆಯ ಹಾಸು ಉಳಿದಿತ್ತು. ಎಲ್ಲರಿಗೂ ಚಹಾ ಆಯಿತು. ಹೊಸ ಕಿಂಡಿ ಮರುದಿನ ತೆಗೆದರು.

ಮರುದಿನ ಬೆಳಿಗ್ಗೆ ಬೆಳಕು ಬಂತು, ಬಂದು ಬೀಸುಕಲ್ಲಿನ ಮೇಲೆ ಬಿತ್ತು.

ಮೂಡಣ ಮೂಲೆಯಲ್ಲಿ ಯಾರೂ ಬೀಸದೆ ಬಿಟ್ಟ ಬೀಸುಕಲ್ಲು ಇತ್ತು. ಅದರ ಮೇಲೆ, ಅದರ ಸುತ್ತ ಬೆಳಕು ಧಾರಾಳವಾಗಿ ಹರಡಿತ್ತು. ಮಗ್ಗದ ಕಡೆ ಬರಬೇಕಾದದ್ದಕ್ಕೆ ಹೊಸ ತೊಲೆಯೇ ಅಡ್ಡ ನಿಂತಿತ್ತು. ಹೊತ್ತು ಏರಿದರೆ ಸರಿದೀತೆಂದು ಕಾದೆವು. ಮಧ್ಯಾಹ್ನದ ಹೊತ್ತಿಗೆ ಆ ಮಗ್ಗುಲಿನ ಪಕ್ಕದವರು ಬಾಡಿಗೆಗೆಂದು ಏರಿಸಿದ ಎರಡಂತಸ್ತಿನ ಮನೆಯ ನೆರಳು ಬಂದು ಕಿಂಡಿಯನ್ನೇ ಮುಚ್ಚಿತು. ಕುಣಿ ಇದ್ದಲ್ಲೇ ಇತ್ತು. ನೆಲದಲ್ಲಿ ತೋಡಿದ್ದನ್ನು ಬೆಳಕಿನ ಹಿಂದೆ ಹೊತ್ತುಕೊಂಡು ಹೋಗಲಾಗದು. ಮಗ್ಗದ ಮೇಲೆ ಇನ್ನೊಂದು ಕಿಂಡಿ ತೆಗೆಯೋಣವೆಂದರೆ, ಹಳೆಯ ತೊಲೆ ಹೋದ ಮೇಲೆ ಅಲ್ಲಿ ಸಣ್ಣ ಮರದ ಜಂತಿಗಳಷ್ಟೇ ಭಾರ ಹೊತ್ತಿದ್ದವು. ಒಂದನ್ನು ಕಡಿದರೂ ಮಾಳಿಗೆ ಕೂರುತ್ತದೆ ಎಂದರು ಚಾಚಾ. ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

‘ಬೀಸುಕಲ್ಲಿಗರೆ ಚಲೋ ಆತಲ್ಲ’ ಎಂದ ಕಾಕಾ. ಯಾರೂ ನಗಲಿಲ್ಲ. ಆಮೇಲೆ ಚಿಗವ್ವ ನಕ್ಕಳು.

ನಾವೆಲ್ಲ ಎಳೆಗಳ ಮೇಲೆ ಕಣ್ಣಿಟ್ಟಿದ್ದೆವು. ಕೆಲವು ತಿಂಗಳಲ್ಲಿ ಹೇಗೂ ಸೀರೆಯಾಗಿ ಹೋಗಲಿದ್ದ ಹಾಸನ್ನು ಉಳಿಸಲು, ಮುಂದಿನ ಎಲ್ಲ ಹಾಸುಗಳ ಬೆಳಕನ್ನು ಕೊಟ್ಟುಬಿಟ್ಟಿದ್ದೆವು. ಬೇರೆ ಓಣಿಯವರು ಹೀಗೆ ಮಾಡುತ್ತಿರಲಿಲ್ಲ. ಮಗ್ಗ ಬಿಚ್ಚಿ, ತೊಲೆ ಬದಲಿಸಿ, ಹೊಸ ಹಾಸು ಹೂಡುತ್ತಿದ್ದರು. ಹೂಡಿದ್ದನ್ನು ಇಳಿಸಬಾರದೆಂದು ನಂಬಿದವರಷ್ಟೇ ಮಾಡಬಹುದಾದ ತಪ್ಪು ಇದು.

ಇಲ್ಲಿ ಆ ಪದ ಮತ್ತೆ ಬರುತ್ತದೆ. ಬಂದು ಎಲ್ಲವನ್ನೂ ಕೆಡಿಸುತ್ತದೆ.

ವರ್ಷಗಳ ನಂತರ ಲಕ್ಷ್ಮೇಶ್ವರದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಂದು ಮಧ್ಯಾಹ್ನ ಪಾಠಕ್ಕೆಂದು ದೊಡ್ಡ ನಿಘಂಟಿನಲ್ಲಿ ಏನನ್ನೋ ಹುಡುಕುವಾಗ ಬೀಮ್ ಕಣ್ಣಿಗೆ ಬಿತ್ತು. ಮನೆಯ ತೊಲೆ. ಮಗ್ಗದ ದಿಂಡು. ತಕ್ಕಡಿಯ ದಂಡ. ಹಡಗಿನ ಅಡ್ಡಮರ. ಬೆಳಕಿನ ಕೋಲು. ಮುಖ ಅರಳಿ ನಗುವುದು. ಇವೆಲ್ಲ ಒಂದೇ ಪದ. ಬುಡಕ್ಕೆ ಹೋದರೆ ಅಲ್ಲಿ ತೊಲೆಯೂ ಇಲ್ಲ, ಬೆಳಕೂ ಇಲ್ಲ. ಒಂದು ಮರ ನಿಂತಿದೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಮರ, ಬೇರುಬಿಟ್ಟು ನಿಂತ ಹಸಿಮರ. ಅದರ ಜರ್ಮನ್ ದಾಯಾದಿ ಇವತ್ತಿಗೂ ಮರವೇ. ಇಂಗ್ಲಿಷರು ಮಾತ್ರ ಅದನ್ನು ಕಡಿದು, ಕೆತ್ತಿ, ಮನೆಯೊಳಗೆ ತಂದುಕೊಂಡರು. ನಿಂತ ಮರಕ್ಕೆ ಬೇರೆ ಪದ ಉಳಿಯಿತು. ಬೆಳಕು ಅದರೊಳಗೆ ಹೇಗೆ ಬಂತು ಎಂಬುದಕ್ಕೆ ನಿಘಂಟು ಒಂದು ಊಹೆ ಕೊಡುತ್ತದೆ. ಲ್ಯಾಟಿನ್ನಿನಲ್ಲಿ ‘ಬೆಳಕಿನ ಕಂಬ’ ಎಂಬ ಮಾತು ಇತ್ತು. ಅದನ್ನು ತಮ್ಮ ಭಾಷೆಗೆ ತರುವಾಗ ಹಿಂದಿನವರು ಕಂಬಕ್ಕೆ ತಮ್ಮ ಮರದ ಪದ ಹಾಕಿದ್ದಿರಬಹುದು. ಇರಬಹುದು. ಅಷ್ಟು ದಪ್ಪದ ಪುಸ್ತಕ ಅಷ್ಟು ಸಣ್ಣ ದನಿಯಲ್ಲಿ ಹೇಳುತ್ತದೆ.

ಓದುತ್ತಿದ್ದಂತೆ ಸ್ಟಾಫ್ ರೂಮಿನ ಫ್ಯಾನಿನ ಸದ್ದು ದೂರವಾಯಿತು. ಬೆಟಗೇರಿಯ ಆ ಕೋಣೆ ಪೂರ್ತಿಯಾಗಿ ಆ ಒಂದು ಪದದೊಳಗೆ ಹೋಗಿ ಕೂತಿತು. ಮೇಲೆ ತೊಲೆ, ಕೆಳಗೆ ಹಾಸಿನ ದಿಂಡು, ನಡುವೆ ಬೆಳಕು. ಆ ಹೊತ್ತಿನಿಂದ ನನ್ನ ನೆನಪು ಕೆಟ್ಟಿದೆ ಎಂದು ನನ್ನ ಗುಮಾನಿ. ಮೊದಲು ಆ ಕೋಣೆಯಲ್ಲಿ ಇನ್ನೂ ಏನೇನೋ ಇದ್ದವು: ಗೋಡೆಯ ಮೊಳೆಗೆ ತೂಗುಬಿಟ್ಟ ಕಾಕಾನ ಅಂಗಿ, ಗಂಜಿಯ ಹುಳಿ ವಾಸನೆ, ಹಾಡು ಹೇಳದೆ ಬರೀ ಗೊರಗುಟ್ಟುತ್ತಿದ್ದ ರೇಡಿಯೊ, ಕುಣಿಯಲ್ಲಿ ಮರಿ ಹಾಕಿದ ಬೆಕ್ಕು. ಪದಕ್ಕೆ ಬೇಡವಾದ್ದರಿಂದ ಅವೆಲ್ಲ ಮಸುಕಾಗಿವೆ. ತೊಲೆ, ದಿಂಡು, ಬೆಳಕು ಮಾತ್ರ ದಿನದಿನಕ್ಕೆ ಹೊಳೆಯುತ್ತಿವೆ. ನಾನು ನಿಜಕ್ಕೂ ಕಂಡದ್ದನ್ನು ನೆನೆಯುತ್ತಿದ್ದೇನೆಯೋ, ನಿಘಂಟಿನ ಒಂದು ಪುಟಕ್ಕೆ ಬೆಟಗೇರಿಯ ಗೋಡೆಗಳನ್ನು ಕಟ್ಟುತ್ತಿದ್ದೇನೆಯೋ? ಚಿಗವ್ವನಿಗೆ ಈ ಮೂರೂ ಒಂದಾಗಿರಲಿಲ್ಲ. ಅವಳಿಗೆ ತೊಲಿ ಬೇರೆ, ಬೀಮ ಬೇರೆ, ಬೆಳಕು ಬೇರೆ. ಒಂದನ್ನು ಉಳಿಸಲು ಇನ್ನೊಂದನ್ನು ಬಿಡಬೇಕಾದವಳಿಗೆ ಅವು ಬೇರೆಯಾಗಿಯೇ ಇರಬೇಕು.

ಆದ್ದರಿಂದ ಉಳಿದದ್ದನ್ನು ಆ ಪದದ ಸಹಾಯವಿಲ್ಲದೆ ಹೇಳುತ್ತೇನೆ.

ಆ ಹಾಸನ್ನು ಅವಳು ನೇಯ್ದು ಮುಗಿಸಿದಳು, ಟ್ಯೂಬ್‌ಲೈಟಿನಲ್ಲಿ. ಹಗಲಲ್ಲಿ ಕರೆಂಟು ಹೋದಾಗ ಕೈ ಕಟ್ಟಿ ಕುಣಿಯಲ್ಲೇ ಕೂತಿರುತ್ತಿದ್ದಳು. ಟ್ಯೂಬಿನ ಬೆಳಕಿನಲ್ಲಿ ನೇಯುವುದಕ್ಕೆ ಕೈಯ ರೂಢಿ ಸಾಕಿತ್ತು, ಕೆಚ್ಚುವುದಕ್ಕೆ ಸಾಲದು. ಕೊನೆಯ ಗೇಣುದ್ದ ಉಳಿದಾಗ ಕಾಕಾ ಹೊಸ ಬೀಮು ತಂದಿಟ್ಟ. ಕೆಚ್ಚಬೇಕು.

‘ಬೆಳಕ ನೋಡಿ ಕೆಚ್ಚತೀನಿ’ ಎಂದಳು.

ಮಳೆಗಾಲ ಮುಗಿಯಲಿ ಎಂದಳು. ಆಮೇಲೆ ಚಳಿಗೆ ಬೆರಳು ಸೆಟೆಯುತ್ತವೆ ಎಂದಳು. ಹೊಸ ಬೀಮನ್ನು ಎದುರುಮನೆಯವಳು ಕೇಳಿ ಒಯ್ದಳು. ಮಗ್ಗದಲ್ಲಿ ಹಳೆಯ ಹಾಸಿನ ಗೇಣುದ್ದದ ತುದಿ ಹಾಗೇ ಇಳಿಬಿದ್ದಿತ್ತು. ಕತ್ತರಿಸಿರಲಿಲ್ಲ, ಕೆಚ್ಚಿರಲೂ ಇಲ್ಲ. ಮಗ್ಗ ಖಾಲಿ ಎನ್ನುವಂತಿರಲಿಲ್ಲ. ಕಾಕಾ ಒಮ್ಮೆ ‘ಇದನ್ನರೆ ತಗಿಯೂಣೇನು?’ ಎಂದಾಗ ಅವಳು, ‘ನಡದೈತಲ್ಲ ಹಾಸು, ಯಾಕ ತಗೀತೀರಿ?’ ಎಂದಳು, ಏನೂ ನಡೆಯದಿದ್ದ ಆ ಮಗ್ಗದ ಕಡೆ ಕೈ ತೋರಿಸಿ.

ಅವಳು ಕೊರಗಿದಳೆಂದು ಬರೆದರೆ ಕಥೆ ಸರಿಹೋಗುತ್ತದೆ. ಅವಳು ಕೊರಗಿದ್ದನ್ನು ನಾನು ನೋಡಿಲ್ಲ. ಬೀಸುಕಲ್ಲಿನ ಪಕ್ಕ ಬೆಳಕು ಬೀಳುವಲ್ಲಿ ಕೌದಿ ಹಾಸಿಕೊಂಡು ಕೂರತೊಡಗಿದಳು. ಕಡಲೆ ಹಸನು ಮಾಡಿದಳು, ಕೂದಲು ಬಾಚಿದಳು, ನೆರೆಯವರ ಕೂಸುಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಕೆಲವೊಮ್ಮೆ ಏನೂ ಮಾಡದೆ ಕಾಲು ಉದ್ದಕ್ಕೆ ಚಾಚುತ್ತಿದ್ದಳು. ಮದುವೆಯಾದಾಗಿನಿಂದ ಹಗಲಲ್ಲಿ ಆ ಕಾಲುಗಳು ನೆಲದ ಕೆಳಗೇ ಇದ್ದವು. ಹೆಬ್ಬೆರಳ ಪಕ್ಕದ ಕಾಲುಂಗುರ ಬಿಸಿಲಿಗೆ ಹೊಳೆಯುವುದನ್ನು ನಾನು ನೋಡಿದ್ದು ಅಲ್ಲೇ ಮೊದಲು. ಅವಳ ಮುಖ ಆಗ ಹೇಗಿತ್ತು ಎಂದು ಹೇಳಲು ನಿಘಂಟಿನ ಕೊನೆಯ ಅರ್ಥ ತಾನಾಗಿ ಬಂದು ನಿಲ್ಲುತ್ತದೆ. ಅದನ್ನು ನಾನು ಬಳಸುವುದಿಲ್ಲ. ಮುಖ ನನಗೆ ಸರಿಯಾಗಿ ನೆನಪಿಲ್ಲ.

ನನ್ನನ್ನು ಕಾಡುವುದು ಇಷ್ಟೇ. ಅಷ್ಟು ವರ್ಷ ಆ ಬೆಳಕಿನ ಕೆಳಗೆ ಕೂತವಳು ಅವಳು. ಯಾವ ಹೊತ್ತಿಗೆ ಅದು ಯಾವ ಎಳೆಯ ಮೇಲಿರುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಕಿಂಡಿ ಸರಿದರೆ ಬೆಳಕು ಎಲ್ಲಿ ಬೀಳುತ್ತದೆ ಎಂದು ಚಾಚಾಗೆ ತಿಳಿಯದಿರಬಹುದು, ಕಾಕಾಗೆ ತಿಳಿಯದಿರಬಹುದು. ಅವಳಿಗೆ? ಚಾಚಾ ಅಳತೆ ಮಾಡುತ್ತಿದ್ದಾಗ ಅವಳು ಬೆಳಕಿನಲ್ಲಿ ಅಂಗೈ ಹಿಡಿದು, ನಿಧಾನವಾಗಿ ಮೂಡಣಕ್ಕೆ ಸರಿದು, ಬೀಸುಕಲ್ಲಿನ ಹತ್ತಿರ ನಿಂತಳು ಎಂದು ನನಗೆ ನೆನಪು. ಆದರೆ ಇದು ‘ಕಿಂಡಿ ಸರಸ್ರಿ’ ಎನ್ನುವ ಮೊದಲೋ, ತೊಲೆ ಕೂತ ಮೇಲೆ ಹೊಸ ಕಿಂಡಿ ತೆಗೆದ ದಿನವೋ, ಅಥವಾ ಇದೂ ಗಿಳಿಗಳಂತೆಯೋ.

ಕೇಳಿದ್ದೇನೆ. ಮೊದಲ ಸಲ ಕೇಳಿದಾಗ, ‘ನನಗೇನ ಗೊತ್ತಿತ್ತವಾ, ಗೊತ್ತಿದ್ರ ಬಿಡತಿದ್ನೇನು?’ ಎಂದಳು. ಕಳೆದ ವರ್ಷ ಮತ್ತೆ ಕೇಳಿದೆ. ಕಡಲೆ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ.

‘ಗೊತ್ತಿತ್ತಂತನ ತಿಳ್ಕೊ. ಏನ ಮಾಡಾಕಿ ಈಗ?’

‘ಏನಿಲ್ಲ ಚಿಗವ್ವಾ. ಸುಮ್ನ ಕೇಳಿದೆ.’

‘ಸುಮ್ನ ಕೇಳಾಕ ಅಷ್ಟ ದೂರದಿಂದ ಬಸ್ ಹತ್ತಿ ಬಂದಿ? ಹುಚ್ಚಿ. ಸರಕೊ ಆ ಕಡೆ, ನೆರಳ ಬಿತ್ತು.’

ಸರಿದು ಕೂತೆ. ಅವಳು ಹಾಸನ್ನು ಉಳಿಸಿಕೊಳ್ಳಲು ಅಂದು ‘ಕಿಂಡಿ ಸರಸ್ರಿ’ ಎಂದು ಹೇಳಿದಳೋ, ನೇಯುವುದನ್ನು ನಿಲ್ಲಿಸಲು ಯಾರೂ ಬೆರಳು ತೋರಿಸದಂಥ ದಾರಿ ಅದೊಂದೇ ಎಂದು ಹೇಳಿದಳೋ, ನನಗೆ ಗೊತ್ತಿಲ್ಲ.